ಬೆನ್ನಿಲ್ಲದ ಗುಳ್ಳವ್ವ

ಬೆಟಗೇರಿಯ ಆ ಓಣಿಯಲ್ಲಿ ಮಣ್ಣು ಹಿಡಿಯುವ ಕೈ ಅಂದರೆ ಗುರುಸಿದ್ದವ್ವನ ಕೈ. ಅಮಾವಾಸ್ಯೆಗೆ ಜೋಡಿ ಮಣ್ಣೆತ್ತು, ಆಷಾಢದ ಮಂಗಳವಾರಗಳಿಗೆ ಮಣ್ಣಿನ ದೇವಿ ಗುಳ್ಳವ್ವ, ಪಂಚಮಿಗೆ ನಾಗಪ್ಪ, ಎಲ್ಲವೂ ಅವಳ ಹಿತ್ತಲಲ್ಲಿ ಹುಟ್ಟಿ ಓಣಿಯ ಮನೆಮನೆಗೆ ಹೋಗುತ್ತಿದ್ದವು. ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟು, ಇನ್ನೂ ಲಂಗದ ವಯಸ್ಸಿನಲ್ಲೇ ಹಿರಿಸೊಸೆಯಾಗಿ ಬಂದವಳು ಅವಳು. ಆ ಮನೆಯಲ್ಲಿ ತನ್ನದು ಅಂತ ಹೇಳಿಕೊಳ್ಳಲು ಅವಳಿಗೆ ಇದ್ದದ್ದು ಇದೊಂದೇ. ರೊಟ್ಟಿ ಎಲ್ಲರೂ ಬಡಿಯುತ್ತಾರೆ, ನೀರು ಎಲ್ಲರೂ ಹೊರುತ್ತಾರೆ. "ಗುಳ್ಳವ್ವ ಅಂದ್ರ ಗುರುಸಿದ್ದವ್ವಂದು" ಎಂಬ ಮಾತು ಮಾತ್ರ ಅವಳೊಬ್ಬಳದು.

ಹಾಗಿರುವಾಗ ಅವಳ ನೆಗೆಣ್ಣಿ, ಮೈದುನನ ಹೆಂಡತಿ ಶಿವಲೀಲಾ, ಮಣ್ಣು ಕಲಿಯಲು ಫೀ ಕಟ್ಟಿ ಶಾಲೆಗೆ ಹೊರಟಳು.

ಶಿವಲೀಲಾ ಹುಲಕೋಟಿಯವಳು, ಮ್ಯಾಟ್ರಿಕ್ ಪಾಸಾದವಳು. ಗಂಡ ಉಳವಪ್ಪ ಮುಂಡರಗಿಯಲ್ಲಿ ಸೊಸೈಟಿಯ ಕಾರಕೂನ. ಶನಿವಾರ ಸಂಜೆಯ ಬಸ್ಸಿಗೆ ಬಂದು ಸೋಮವಾರ ಹೊರಡುವವನು. ಮದುವೆಯಾದ ವರ್ಷವೇ ಹೆಂಡತಿಯನ್ನು ಗದಗಿನ ಚಿತ್ರಕಲಾ ಶಾಲೆಗೆ ಹಚ್ಚಿದ್ದ. ಡ್ರಾಯಿಂಗ್ ಟೀಚರ್ ಪರೀಕ್ಷೆ ಪಾಸಾದರೆ ಮುಂಡರಗಿಯ ಹೊಸ ಹೈಸ್ಕೂಲಿನವರು ಕರೆದುಕೊಳ್ಳುತ್ತೇವೆ ಅಂದಿದ್ದರು. ಆಮೇಲೆ ಅಲ್ಲೇ ಒಂದು ಬಾಡಿಗೆ ಮನೆ. ಕಾಗದ, ಬಣ್ಣ ಎಲ್ಲ ಮುಗಿದು ಕಡೆಯ ವರ್ಷಕ್ಕೆ ಉಳಿದದ್ದು ಮಣ್ಣಿನ ಕೆಲಸ.

"ಮಣ್ಣಾಡಾಕ ಫೀ ಏನ?" ಅಂದಳು ಅತ್ತೆ ಬಸವಣ್ಣೆವ್ವ, ಊಟಕ್ಕೆ ಕೂತಾಗ. "ನಮ್ಮ ಗುರುಸಿದ್ದಿ ಪುಕ್ಕಟ ಕಲಸ್ತಿದ್ಲಲ್ಲ!"

ಎಲ್ಲರೂ ನಕ್ಕರು. ಗುರುಸಿದ್ದವ್ವನಿಗೆ ಹಿತವಾಯಿತು. ಶಿವಲೀಲಾ ಬಾಯಿ ಬಿಡದಿದ್ದರೆ ಆ ಹಿತ ಹಾಗೇ ಉಳಿಯುತ್ತಿತ್ತು.

"ಅಕ್ಕ ಮಾಡೂದು ಬ್ಯಾರೆ, ಅಲ್ಲಿ ಕಲಸೂದು ಬ್ಯಾರೆ ರೀ ಅತ್ತಿ."

"ಬ್ಯಾರೆ ಅಂದ್ರ? ಅವರ ಮಣ್ಣ ಬಂಗಾರದ್ದೇನು?" ಅಂದಳು ಗುರುಸಿದ್ದವ್ವ.

"ಹಂಗಲ್ಲಕ್ಕಾ. ಚಿತ್ರಕ್ಕ ಉದ್ದ, ಅಗಲ ಅಷ್ಟ. ಇದಕ್ಕ ದಪ್ಪನೂ ಐತಿ. ಒಂದ ಕಡಿಂದ ನೋಡಿದ್ರ ಮುಗೀಲಿಲ್ಲ, ಸುತ್ತ ತಿರುಗಿ ನೋಡಬೇಕು. ಎಲ್ಲಿಂದ ನೋಡಿದ್ರೂ ಅದು ನಿಲ್ಲಬೇಕು."

"ನನ್ನ ಎತ್ತು ನಿಲ್ಲೂದಿಲ್ಲೇನು? ಬಿದ್ದಾವೇನು ಯಾವತ್ತರ?"

ಗುರುಸಿದ್ದವ್ವನ ಗಂಡ ಹುಚ್ಚೀರಪ್ಪ ಹಿಂಡಿಪಲ್ಲೆ ಇನ್ನಷ್ಟು ಹಾಕು ಅಂದ. ಮಾತು ಅಲ್ಲಿಗೆ ನಿಂತಿತು, ಕಿಚ್ಚು ನಿಲ್ಲಲಿಲ್ಲ.

ಮೊದಲ ವಾರಗಳಲ್ಲಿ ಶಾಲೆಯವರು ಶಿವಲೀಲಾಗೆ ಗೊಂಬೆಯನ್ನೇ ಮಾಡಗೊಡಲಿಲ್ಲ. ಗುಂಡು, ಪೆಟ್ಟಿಗೆ, ಕೊಳವೆ, ಶಂಕು, ಈ ನಾಲ್ಕನ್ನೇ ಮಾಡು, ಮುರಿ, ಮತ್ತೆ ಮಾಡು. ಅದು ಅಡುಗೆಮನೆಗೂ ಬಂತು. ಶಿವಲೀಲಾ ಹಿಟ್ಟಿನ ಉಳ್ಳಿಯನ್ನು ಅಂಗೈಯಲ್ಲಿ ತಿರುವುತ್ತ ಗುರುಸಿದ್ದವ್ವನ ಮಗಳು ರೇಣುಕಾಗೆ ಪಾಠ ಹೇಳುವಳು.

"ಇದು ಗುಂಡು. ಗಜ್ಜರಿ ಶಂಕು. ಉಪ್ಪಿನ ಭರಣಿ ಕೊಳವಿ. ಜಗತ್ತಿನಾಗ ಏನ ತಗೋ, ಈ ನಾಕರಾಗ ಒಂದು ಅದರೊಳಗ ಇರತೈತಿ."

"ಹಂಗಾದ್ರ ಆಯಿ?" ಅಂತ ಹುಡುಗಿ ಅಜ್ಜಿಯ ಕಡೆ ನೋಡಿದಳು. "ಕೊಳವಿ ಮ್ಯಾಲ ಗುಂಡು!"

"ನಿಮ್ಮವ್ವನ್ನ ಹೇಳ ಮದ್ಲ, ನನ್ನ ಯಾಕ ಹೇಳ್ತಿ?" ಅಂತ ಬಸವಣ್ಣೆವ್ವನೂ ನಗುವಳು.

"ಆಟಾ ಆತು, ಉಳ್ಳಿ ಇತ್ತಾಗ ತರ್ರಿ, ತವಾ ಕಾದೈತಿ," ಅನ್ನುವಳು ಗುರುಸಿದ್ದವ್ವ. ಅವಳಿಗೆ ಉರಿಯುತ್ತಿದ್ದದ್ದು ತವೆಯೊಂದೇ ಅಲ್ಲ. ಹೋದ ವರ್ಷದವರೆಗೂ ರೇಣುಕಾ ಮಣ್ಣು ಕಂಡರೆ ಅವ್ವನ ಹತ್ತಿರ ಓಡಿಬರುತ್ತಿದ್ದಳು. ಈಗ ಶಾಲೆಯಿಂದ ಬಂದವಳೇ ಪಾಟಿಚೀಲ ಬಿಸಾಕಿ, "ಚಿಗವ್ವ ಬಂದ್ಲೇನು?" ಅನ್ನುತ್ತಿದ್ದಳು.

ಬೇಸಿಗೆ ಮುಗಿಯುವ ಹೊತ್ತಿಗೆ ಶಿವಲೀಲಾಗೆ ಇನ್ನೊಂದು ಚಟ ಹತ್ತಿತು. ಬೆಳಗ್ಗೆ ಗುರುಸಿದ್ದವ್ವ ಒಲೆಯ ಮುಂದೆ ರೊಟ್ಟಿಗೆ ಕೂತರೆ, ಇವಳು ಹಿಂದಿನ ಗೋಡೆಗೆ ಒರಗಿ, ಮಣೆಯ ಮೇಲೆ ಒಂದು ಮುದ್ದೆ ಮಣ್ಣಿಟ್ಟುಕೊಂಡು ಕೂರುವಳು. ಸ್ವಲ್ಪ ಒತ್ತುವಳು, ಸ್ವಲ್ಪ ನೋಡುವಳು. ಜರುಗಿ ಮೂಲೆಗೆ ಹೋಗಿ ಅಲ್ಲಿಂದ ನೋಡುವಳು.

"ಬೆನ್ನ ಹಿಂದ ಕುಂತು ಏನ ನೋಡ್ತಿ? ಮುಂದ ಬಂದು ಹಿಟ್ಟರ ನಾದು."

"ಬಂದೆ ಅಕ್ಕಾ, ಇಷ್ಟ ಮುಗಿಸಿ ಬಂದೆ."

ಬರುವಷ್ಟರಲ್ಲಿ ಬುಟ್ಟಿ ತುಂಬಿರುತ್ತಿತ್ತು. ಮುಸುರೆ ತಿಕ್ಕುವುದು, ಹಿತ್ತಲ ಬಾವಿಯ ನೀರು ಸೇದುವುದು ಶಿವಲೀಲಾಳ ಪಾಲಿನವು. ಅವನ್ನು ಅವಳು ತಪ್ಪಿಸುತ್ತಿರಲಿಲ್ಲ. ಆದರೆ ಹೊಟ್ಟೆಕಿಚ್ಚಿಗೆ ಮಾಡಿದ ಕೆಲಸ ಕಾಣುವುದಿಲ್ಲ, ಬಿಟ್ಟ ಕೆಲಸ ಕಾಣುತ್ತದೆ.

"ಕಟಗಿ ಮುರದಂಗ ನಾ ದುಡಿಯೂದು, ಆಕಿ ಹಿಂದ ಕುಂತು ನೋಡೂದು," ಅಂತ ಗಂಡನಿಗೆ ಹೇಳಿದಳು. "ನಿಮ್ಮ ತಮ್ಮಗ ಒಂದ ಮಾತ ಹೇಳ್ರಿ."

ಅಡತಿ ಅಂಗಡಿಯಲ್ಲಿ ದಿನವಿಡೀ ಜಗಳ ಬಿಡಿಸುವ ಹುಚ್ಚೀರಪ್ಪನಿಗೆ ಮನೆಯ ಜಗಳ ಬೇಡವಾಗಿತ್ತು. "ಇನ್ನೆಷ್ಟ ದಿನ? ಪಾಸಾದ್ಲಂದ್ರ ಮುಂಡರಗಿಗೆ ಹೋಗ್ತಾಳ. ನಿನ್ನ ಕಣ್ಣ ಮುಂದ ಇರೂದಿಲ್ಲ. ಖುಷಿ ಪಡು."

ಸಮಾಧಾನಕ್ಕೆ ಹೇಳಿದ ಈ ಮಾತೇ ಸರಿಯಾಗಿ ನಾಟಿತು. ಹೌದಲ್ಲ, ಹೋಗುತ್ತಾಳೆ. ತನ್ನದೇ ಒಲೆ, ತನ್ನದೇ ಬಾಗಿಲು, ತಿಂಗಳಿಗೆ ಪಗಾರ. ಮಣ್ಣು ಅವಳನ್ನು ಹೊಸ್ತಿಲು ದಾಟಿಸುತ್ತದೆ. ಅದೇ ಮಣ್ಣು ತನ್ನನ್ನು ಎಲ್ಲಿಗೆ ದಾಟಿಸಿತು? ಹಿತ್ತಲಿನಿಂದ ಪಡಸಾಲೆಗೆ.

ಮಣ್ಣೆತ್ತಿನ ಅಮಾವಾಸ್ಯೆ ಮುಗಿಯಿತು. ಆಷಾಢದ ಮೊದಲ ಮಂಗಳವಾರ ಗುರುಸಿದ್ದವ್ವ ಕೆರೆಯ ಎರೆಮಣ್ಣು ಕಲಸಿ ಗುಳ್ಳವ್ವನನ್ನು ಮಾಡಿದಳು. ಅಗಲ ಮುಖ, ಮೂಗಿಗೆ ನತ್ತು, ಕಣ್ಣಿಗೆ ಕೆಂಪು ಗುಲಗಂಜಿ, ಕೊರಳಿಗೆ ಗುಲಗಂಜಿಯ ಸರ. ದೇವರ ಜಗುಲಿಯ ಗೋಡೆಗೆ ಆನಿಸಿ ಕೂಡಿಸಬೇಕು, ಅಷ್ಟರಲ್ಲಿ ರೇಣುಕಾ ಅದನ್ನು ತಿರುವಿ ಹಿಡಿದಳು.

"ಅವ್ವಾ, ನಿನ್ನ ಗುಳ್ಳವ್ವಗ ಬೆನ್ನ ಇಲ್ಲ!"

ಇರಲಿಲ್ಲ. ಹಿಂಬದಿ ಒಲೆಯ ಕಟ್ಟೆಯ ಹಾಗೆ ಸಪಾಟಾಗಿತ್ತು, ಮೇಲೆ ಕೈಬೆರಳಿನ ಗೀರು. ಗುರುಸಿದ್ದವ್ವನ ಅವ್ವ ಹಾಗೇ ಮಾಡುತ್ತಿದ್ದಳು, ಅವಳ ಅವ್ವನೂ ಹಾಗೇ.

"ಗ್ವಾಡಿಗೆ ಆನಿಕಿ ಕುಂಡ್ರೂ ದೇವರು. ದೇವರ ಬೆನ್ನ ಯಾರ ನೋಡ್ತಾರ?"

"ಚಿಗವ್ವನ ಮಾಸ್ತರು ಹೇಳ್ತಾರಂತ, ಬೆನ್ನ ಇಲ್ಲದ್ದು ಮೂರ್ತಿ ಅಲ್ಲಂತ. ಅದು ಗ್ವಾಡಿ ಮ್ಯಾಲಿನ ಚಿತ್ರ ಅಂತ."

ಪಕ್ಕದ ಮನೆಯ ಫಕ್ಕೀರವ್ವ ಬಾಗಿಲಲ್ಲೇ ಇದ್ದಳು. "ಕೇಳ್ದೇನ ಗುರುಸಿದ್ದವ್ವಾ, ಇಷ್ಟ ವರ್ಷ ನಾವು ಚಿತ್ರಕ್ಕ ಆರತಿ ಬೆಳಗೀವಿ!" ಅಂದು ಕಿಸಕ್ಕನೆ ನಕ್ಕಳು.

ಗುರುಸಿದ್ದವ್ವ ಕೈತೊಳೆದುಕೊಂಡಳು. "ಬರೂ ಮಂಗಳವಾರ ಬೆನ್ನ ಇದ್ದಾಕಿನ್ನ ನಿಮ್ಮ ಚಿಗವ್ವನ ಕೈಲೆ ಮಾಡಿಸ್ರಿ. ನಾ ಮಣ್ಣ ಮುಟ್ಟೂದಿಲ್ಲ."

ಸಿಟ್ಟಿನಲ್ಲಿ ಆಡಿದ ಮಾತು. ಆಡಿದ ಮೇಲೆ ಅದನ್ನು ನಡೆಸಬೇಕಾಯಿತು.

ಆ ವರ್ಷ ಪರೀಕ್ಷೆ ತಡವಾಗಿ ಆಷಾಢಕ್ಕೇ ಬಿದ್ದಿತ್ತು. ಮನೆಯಲ್ಲಿ ಮಾಡಿದ ಒಂದು ಮೂರ್ತಿಯನ್ನು ಶುಕ್ರವಾರ ಬೆಳಗ್ಗೆ ಒಯ್ದು ಒಪ್ಪಿಸಬೇಕು. ಶಿವಲೀಲಾ ಕೂತ ಹೆಂಗಸಿನ ಮೂರ್ತಿಯೊಂದನ್ನು ಹಿಂದಿನ ಕೋಣೆಯಲ್ಲಿ ನಿಲ್ಲಿಸಿದ್ದಳು. ಒಳಗೆ ಕಟ್ಟಿಗೆ, ಕಬ್ಬಿಣದ ತಂತಿಯ ಎಲುಬು. ಮೇಲೆ ಮಣ್ಣಿನ ಮೈ. ಅದರ ಮೇಲೆ ಸದಾ ಒಂದು ಒದ್ದೆ ಧೋತರ. ರೇಣುಕಾ ಒಳಹೊರಗೆ ಓಡಾಡಿ ನೋಡುತ್ತಿದ್ದಳು. ಗುರುಸಿದ್ದವ್ವ ಒಮ್ಮೆಯೂ ಆ ಅರಿವೆ ಎತ್ತಿರಲಿಲ್ಲ. ನೋಡಿದರೆ ಚೆನ್ನಾಗಿದ್ದೀತು ಎಂಬ ಹೆದರಿಕೆ ಅವಳಿಗೆ.

ಅಷ್ಟರಲ್ಲಿ ಹುಲಕೋಟಿಯಿಂದ ಕರೆ ಬಂತು. ಶಿವಲೀಲಾಳ ಅಣ್ಣನ ಮಗುವಿಗೆ ತೊಟ್ಟಿಲ ಕಾರ್ಯ. ಸೋದರತ್ತೆ ಇಲ್ಲದೆ ಹೆಸರಿಡುವ ಹಾಗಿಲ್ಲ.

"ಬುಧವಾರ ಸಂಜಿಕೆ ಬಂದಬಿಡ್ತೀನಿ ಅಕ್ಕಾ," ಅಂದಳು ಶಿವಲೀಲಾ ಸೋಮವಾರ ಹೊರಡುವಾಗ. "ಮುಂಜಾನಿ ಸಂಜಿ ಆ ಧೋತರ ಒಂದೀಟ ಹಸಿ ಮಾಡ್ರಿ. ಒಣಗಿತಂದ್ರ ಸೀಳತೈತಿ. ಮುಖದ ಕೆಲಸ ಅಷ್ಟ ಉಳದೈತಿ, ಬಂದು ಮಾಡ್ತೀನಿ. ನಿಮ್ಮ ಕೈಗೆ ಬಿಟ್ಟೇನಿ."

"ಹೂಂ," ಅಂದಳು ಗುರುಸಿದ್ದವ್ವ, ಕಸಬರಿಗೆಯಿಂದ ತಲೆ ಎತ್ತದೆ.

ಮಂಗಳವಾರ ಮುಂಜಾನೆ ಅವಳು ನೀರು ಹಾಕಲಿಲ್ಲ. ಮರೆತಳು ಅಂದುಕೊಂಡಳು. ಮಧ್ಯಾಹ್ನ ಜೋಳ ಕೇರುತ್ತಿರುವಾಗ ಹಿಂದಿನ ಕೋಣೆಯಿಂದ ಅತ್ತೆಯ ಕೂಗು ಕೇಳಿತು.

"ಗುರುಸಿದ್ದೀ! ಮಾಡೂದಿಲ್ಲ ಮಾಡೂದಿಲ್ಲ ಅಂತ ಆಟಾ ಹೂಡಿ, ಎಷ್ಟ ಛಂದ ಮಾಡಿ ಮುಚ್ಚಿಟ್ಟೀಯಲ್ಲಬೇ!"

ಬಸವಣ್ಣೆವ್ವ ಮೊರ ಹುಡುಕುತ್ತ ಹೋದವಳು ಧೋತರ ಸರಿಸಿ ನಿಂತಿದ್ದಳು. ಶಿವಲೀಲಾಳ ಪರೀಕ್ಷೆಯ ಮೂರ್ತಿಯನ್ನು ಅವಳು ಅಲ್ಲಿಯವರೆಗೆ ಕಂಡಿರಲಿಲ್ಲ; ಕಣ್ಣಲ್ಲಿ ಪೊರೆ ಬಂದಿತ್ತು. ಕಂಡದ್ದಕ್ಕಿಂತ ತಡವಿದ್ದೇ ಹೆಚ್ಚು. ಆಷಾಢದ ಮಂಗಳವಾರ, ಮನೆಯೊಳಗೆ ಹಸಿಮಣ್ಣಿನ ಹೆಂಗಸು. ಅವಳಿಗೆ ಅದು ಗುಳ್ಳವ್ವನಲ್ಲದೆ ಇನ್ನಾರು?

"ಹಣಿ ನೋಡು, ಭುಜಾ ನೋಡು! ನಿಮ್ಮತ್ತಿ ಆಗಿ ಇಷ್ಟ ವರ್ಷ ಆತು, ಇಂಥಾ ಗುಳ್ಳವ್ವನ್ನ ನಿನ್ನ ಕೈಯಾಗ ನೋಡಿದ್ದಿಲ್ಲ. ಬಂಗಾರದಂಥಾ ಕೈ ನಿಂದು!"

'ಅತ್ತೀ, ಇದು ನಂದಲ್ಲ' ಎಂಬ ಮಾತು ಗುರುಸಿದ್ದವ್ವನ ನಾಲಿಗೆಯ ತುದಿಗೆ ಬಂದಿತ್ತು. ಆದರೆ ಯುಗಾದಿಯಿಂದ ಈ ಮನೆಯಲ್ಲಿ ಅವಳ ಕೈಯನ್ನು ಯಾರೂ ಹೊಗಳಿರಲಿಲ್ಲ. ಹಸಿದವನ ಎಲೆಗೆ ಪಕ್ಕದವನ ಹೋಳಿಗೆ ಬಿದ್ದರೆ ಅವನೇನು ಕರೆದು ಹೇಳುತ್ತಾನೆಯೇ? ಅವಳು ನುಂಗಿದಳು.

"ನಿಂತ್ಯಾಕ? ಎತ್ತಿಕೊಂಡು ಬಾ ಜಗುಲಿಗೆ."

ಎದೆಗವಚಿ ಎತ್ತಿದಳು. ಭಾರವಾಗಿತ್ತು. ಎಂದಿನಂತೆ ಗೋಡೆಗೆ ಆನಿಸಿ ಕೂಡಿಸಿದಳು. ಅತ್ತೆ ಅರಿಷಿಣ ಕುಂಕುಮ ಹಚ್ಚಿ, ಗುಲಗಂಜಿಯ ಬಟ್ಟಲು ಮುಂದೆ ಮಾಡಿದಳು.

"ನನಗ ಕಾಣೂದಿಲ್ಲ. ನೀನ ಒತ್ತು."

ಕಣ್ಣಿಗೆ ಎರಡು. ಕೊರಳಿಗೆ ಒಂದು ಸರ. ಎದೆಯ ಮೇಲೆ ಇನ್ನೊಂದು ಸರ. ಮಣ್ಣು ಮೆತ್ತಗಿತ್ತು, ಇಷ್ಟು ಒತ್ತಿದರೆ ಸಾಕಿತ್ತು. ಗುರುಸಿದ್ದವ್ವನ ಹೆಬ್ಬೆರಳು ಅದಕ್ಕಿಂತ ಆಳಕ್ಕೆ ಒತ್ತಿತು. ಒಂದೊಂದು ಕಾಳು ಒಳಗಿಳಿದಾಗಲೂ ಅವಳಿಗೆ ಒಂದು ಥರದ ತಂಪು. ಆರತಿ ಬೆಳಗಿದ ಮೇಲೆ ಅದು ದೇವರು. ದೇವರನ್ನು ನಾಳೆ ನೀರಿಗೆ ಕಳಿಸಬೇಕು. ಅದು ಪದ್ಧತಿ, ತಾನು ಮಾಡಿದ್ದಲ್ಲ.

ಶಾಲೆಯಿಂದ ಬಂದ ರೇಣುಕಾ ಜಗುಲಿಯ ಮುಂದೆ ಕಂಬದ ಹಾಗೆ ನಿಂತಳು.

"ಅವ್ವಾ... ಇದು ಚಿಗವ್ವಂದು."

"ಬಾಯಿ ಮುಚ್ಚು. ಪೂಜಾ ಆಗೇತಿ."

"ಚಿಗವ್ವನ ಪರೀಕ್ಷಾ..."

"ಮುಚ್ಚಂದೆ."

ಸಂಜೆ ಓಣಿಯ ಹೆಂಗಸರು ಆರತಿ ಹಿಡಿದು ಬಂದರು. ಫಕ್ಕೀರವ್ವ ಒಳಗೆ ಕಾಲಿಟ್ಟವಳು ಮಾತೇ ಆಡಲಿಲ್ಲ. ಅವಳು ಬಾಯಿ ಮುಚ್ಚಿ ನಿಂತದ್ದನ್ನು ಆ ಓಣಿ ಅಲ್ಲಿಯವರೆಗೆ ಕಂಡಿರಲಿಲ್ಲ. ಆಮೇಲೆ ಮೆಲ್ಲಗೆ, "ಖರೇನ ಕುಂತಾಳವ್ವಾ. ಈಗ ಏಳ್ತಾಳ ಅನಸ್ತೈತಿ," ಅಂದಳು. ಗುರುಸಿದ್ದವ್ವ ತಲೆಯಾಡಿಸಿದಳು. ಇಷ್ಟು ವರ್ಷ ತನ್ನ ಗುಳ್ಳವ್ವನ ಮುಂದೆ ಎಲ್ಲರೂ ಛಂದ ಐತಿ ಅಂದಿದ್ದರು; ಒಬ್ಬರೂ ಹೀಗೆ ಸುಮ್ಮನಾಗಿರಲಿಲ್ಲ. ಕದ್ದ ಹೊಗಳಿಕೆಯಲ್ಲೂ ಅವಳಿಗೆ ಹೊಟ್ಟೆ ಉರಿಯಿತು.

ಬುಧವಾರ ಶಾಲೆ ತಪ್ಪಿಸಿದ ಓಣಿಯ ಹುಡುಗಿಯರು ರೊಟ್ಟಿ, ಮಾದಲಿ ಕಟ್ಟಿಕೊಂಡು ಕೆರೆಗೆ ಹೊರಟರು. ಈ ಸಲ ತಾವೇ ಮಾಡಿಕೊಂಡ ಪುಟ್ಟ ಗುಳ್ಳವ್ವರನ್ನು ಅಂಗೈಯಲ್ಲೇ ಹಿಡಿದಿದ್ದರು. ಗುರುಸಿದ್ದವ್ವ ಮಾತ್ರ ತಲೆಗೆ ಸಿಂಬಿ ಇಟ್ಟು, ಬುಟ್ಟಿ ಹೊತ್ತು ನಡೆದಳು. ರೇಣುಕಾ ರಸ್ತೆಯ ಆಚೆ ಅಂಚಿನಲ್ಲಿ, ಈ ತಾಯಿ ಯಾರೋ ಎಂಬಂತೆ ಬರುತ್ತಿದ್ದಳು.

ಕಳಿಸುವಾಗ ಗುಳ್ಳವ್ವನ ಮುಖ ನೀರಿನ ಕಡೆ ಮಾಡಬೇಕು. ಗುರುಸಿದ್ದವ್ವ ಬುಟ್ಟಿಯಿಂದ ಎತ್ತಿ, ದಂಡೆಯ ಕಲ್ಲಿನ ಮೇಲೆ ನೀರಿನತ್ತ ತಿರುಗಿಸಿ ಇಟ್ಟಳು. ಹಾಗೆ ಇಟ್ಟದ್ದರಿಂದ ಅದರ ಬೆನ್ನು ಅವಳ ಕಡೆಗಾಯಿತು.

ಮೊದಲು ಕಂಡದ್ದು ಹಿಮ್ಮಡಿ. ಒಂದು ಕಾಲು ಮಡಚಿ ಕೂತ ಹೆಂಗಸಿನ ಹಿಮ್ಮಡಿ ಸೀರೆಯ ಅಂಚಿನಿಂದ ಹೊರಬಿದ್ದಿತ್ತು, ಅದರ ತುಂಬ ಬಿರುಕು. ನೀರು ಹಾಕದೆ ಸೀಳಿತು ಅಂದುಕೊಂಡಳು ಗುರುಸಿದ್ದವ್ವ. ಕೆರೆಯ ನೀರಲ್ಲಿ ಬೆರಳು ಅದ್ದಿ ತೀಡಿದಳು. ಹೋಗಲಿಲ್ಲ. ಬಗ್ಗಿ ನೋಡಿದಳು. ಅದು ಸೀಳಿದ ಬಿರುಕಲ್ಲ, ಸೂಜಿಯ ಮೊನೆಯಿಂದ ಕೊರೆದದ್ದು. ನಡುವಿನದು ಆಳ, ಅದರ ಪಕ್ಕ ಕವಲೊಡೆದ ಇನ್ನೊಂದು.

ಅವಳು ತನ್ನ ಬಲಗಾಲು ತಿರುವಿ ನೋಡಿಕೊಂಡಳು.

ಮೆಲ್ಲಗೆ ಕಣ್ಣು ಮೇಲೇರಿತು. ಕೊಡ ಹೊತ್ತು ಇಳಿದ ಎಡಭುಜ. ಕೊರಳ ಮೇಲೆ ಒಂದು ಕಡೆ ಜಾರಿದ ತುರುಬು. ಒಲೆಯ ಉರಿಗೆ ಬಾಗಿ ಬಾಗಿ ಹಾಗೇ ನಿಂತುಬಿಟ್ಟ ನಡು. ರೊಟ್ಟಿ ಬಡಿಯಲು ಎತ್ತಿದ ತೋಳಿಗೂ ಪಕ್ಕೆಗೂ ನಡುವೆ ಬಿಟ್ಟ ಖಾಲಿ ಜಾಗ; ಅದರೊಳಗಿಂದ ಕೆರೆಯ ನೀರು ಹೊಳೆಯುತ್ತಿತ್ತು. ಮನುಷ್ಯರು ತಮ್ಮ ಮುಖವನ್ನು ಕನ್ನಡಿಯಲ್ಲಾದರೂ ಕಾಣುತ್ತಾರೆ. ತನ್ನ ಬೆನ್ನನ್ನು ಗುರುಸಿದ್ದವ್ವ ಈಗಲೇ ಕಂಡದ್ದು.

ಅವಳಿಗೆ ಮೊದಲು ಬಂದದ್ದು ಸಿಟ್ಟು.

"ನಾ ಇಷ್ಟ ಬಾಗೇನೇನು?"

ರೇಣುಕಾ ಯಾವಾಗಲೋ ಹತ್ತಿರ ಬಂದು ನಿಂತಿದ್ದಳು. "ಹೂಂ. ದಿನಾ ಹಂಗ ಕುಂಡ್ರತಿ."

"ನಿನಗ ಗೊತ್ತಿತ್ತೇನು?"

"ಚಿಗವ್ವ ಹೇಳಬ್ಯಾಡ ಅಂದಿದ್ಲು."

ಹುಡುಗಿಯರು ಅವಸರ ಮಾಡಿದರು. "ದೊಡ್ಡವ್ವಾ, ಬಿಡ್ರಿ ನೀರಿಗೆ, ಹಸಿವ್ಯಾಗೈತಿ."

ಗುರುಸಿದ್ದವ್ವ ಸೆರಗು ಬಿಗಿದು ದಂಡೆಯ ಕೆಸರಿಗೆ ಕೈಹಾಕಿದಳು. "ತಡೀರಿ. ಇದರೊಳಗ ಕಬ್ಬಣ ಐತಿ. ಕರಗಲಾರದ್ದನ್ನ ಗಂಗಿಗೆ ಕೊಡಬಾರದು." ಒಂದು ಹಿಡಿ ಎರೆಮಣ್ಣು ನಾದಿ ಪುಟ್ಟ ಗುಳ್ಳವ್ವನನ್ನು ಎಬ್ಬಿಸಿದಳು. ಮುಖ ಮೂಡಿತು. ಎಂದಿನ ರೂಢಿಯಲ್ಲಿ ಕೈ ಅಲ್ಲಿಗೇ ನಿಂತಿತು. ಮಗಳ ಕಣ್ಣು ತನ್ನ ಕೈ ಮೇಲಿದೆ ಅಂತ ಗೊತ್ತಾಯಿತು. ಗೊಂಬೆಯನ್ನು ತಿರುವಿ, ಹೆಬ್ಬೆರಳಿನಿಂದ ನಡುಬೆನ್ನಿನ ಗೆರೆ ಎಳೆದಳು. ಆಮೇಲೆ ದೊಡ್ಡ ಮೂರ್ತಿಯ ಗುಲಗಂಜಿಗಳನ್ನು ಒಂದೊಂದಾಗಿ ಬಿಡಿಸಿ ಇದಕ್ಕೆ ಒತ್ತಿ, ಕುಂಕುಮ ಒರೆಸಿ ಇದಕ್ಕೆ ಹಚ್ಚಿದಳು.

"ಅಲ್ಲಿ ತಪ್ಪಿ ಕುಂತಿ ತಾಯಿ. ಇಲ್ಲಿ ಬಾ, ಇದು ನಿಂದು," ಅಂದು ಕೈಮುಗಿದು ನೀರಿಗೆ ಬಿಟ್ಟಳು.

ಬುಟ್ಟಿ ಮನೆಗೆ ತಿರುಗಿ ಬಂದದ್ದು ಕಂಡು ಬಸವಣ್ಣೆವ್ವ ಬಾಗಿಲಲ್ಲೇ ತಡೆದಳು. "ಏನಬೇ ಇದು? ಹ್ವಾದ ದೇವರು ತಿರಗಿ ಬರ್ತಾವೇನು?"

"ದೇವರು ಹ್ವಾತ್ರಿ ಅತ್ತಿ. ಇದು ಗುಳ್ಳವ್ವ ಅಲ್ಲ. ಶಿವಲೀಲಾನ ಪರೀಕ್ಷಾದ್ದು."

"ಮತ್ತ ನಿನ್ನಿ ಯಾಕ ಬಾಯಿ ಬಿಡಲಿಲ್ಲ?"

"ನೀವು ಛಂದ ಐತಿ ಅಂದ್ರಿ."

ಮುದುಕಿ ಸೊಸೆಯ ಮುಖವನ್ನು ಪೊರೆಗಣ್ಣಿನಿಂದ ಬಹಳ ಹೊತ್ತು ನೋಡಿದಳು. ಆಮೇಲೆ ದಾರಿ ಬಿಟ್ಟಳು.

ಸಂಜೆ ಶಿವಲೀಲಾ ತೊಟ್ಟಿಲ ಕಾರ್ಯದ ಗುಗ್ಗರಿ ಹಿಡಿದು ಬಂದಳು. ನೇರ ಹಿಂದಿನ ಕೋಣೆಗೆ ಹೋದಳು. ಧೋತರ ಒದ್ದೆಯಾಗಿಯೇ ಇತ್ತು. ಅದನ್ನೆತ್ತಿದವಳ ಕೈಯಿಂದ ಗುಗ್ಗರಿಯ ಗಂಟು ಜಾರಿತು.

"ಅಕ್ಕಾ! ಏನಿದು? ಕೊರಳಿಗೆ, ಎದಿಗೆ, ಕಣ್ಣಿಗೆ... ಯಾರ ಮಾಡಿದ್ರು?"

"ಅತ್ತಿ ಗುಳ್ಳವ್ವ ಅಂತ ಪೂಜಾ ಮಾಡಿದ್ರು. ಕಾಳ ಒತ್ತಿದಾಕಿ ನಾನು."

"ಗೊತ್ತಿದ್ದೂ ಒತ್ತಿದ್ರಿ?"

"ಗೊತ್ತಿದ್ದೂ."

"ನಾ ನಿಮಗೇನ ಮಾಡಿದ್ದೆ? ನಿಮ್ಮ ಕೈಗೆ ಬಿಟ್ಟೇನಿ ಅಂತ ಹೇಳಿ ಹೋಗಿದ್ದೆ. ನಾಡದು ಏನಂತ ಒಯ್ಯಲಿ? ಸಿಡುಬು ಬಂದಾವ ಅಂತ ಹೇಳ್ಲೇನು?"

"ನೀ ನನಗ ಕೇಳ್ದೇನು?" ಗುರುಸಿದ್ದವ್ವನ ದನಿಯೂ ಏರಿತು. "ನನ್ನ ಬೆನ್ನ, ನನ್ನ ಕಾಲಾನ ಒಡಕು, ಎಲ್ಲಾ ಒಯ್ದು ಮಾಸ್ತರಗ ತೋರಸಾಕ ಹೊಂಟಿ. ಒಂದ ಮಾತ ಕೇಳ್ದೇನು?"

ಶಿವಲೀಲಾ ಕಣ್ಣೊರೆಸಿಕೊಂಡಳು. "ಕೇಳಿದ್ರ ನೀವು ನೆಟ್ಟಗ ಕುಂಡ್ರತಿದ್ರಿ."

ಹುಚ್ಚೀರಪ್ಪ ಅಂಗಡಿಯಿಂದ ಬಂದಾಗ ಮನೆಯಲ್ಲಿ ಯಾರೂ ಯಾರ ಜೊತೆಗೂ ಮಾತಾಡುತ್ತಿರಲಿಲ್ಲ. ಶಿವಲೀಲಾ ಉಣ್ಣಲಿಲ್ಲ. ಗುರುಸಿದ್ದವ್ವ ಅವಳ ಪಾಲಿನ ರೊಟ್ಟಿಗಳನ್ನು ಎತ್ತಿಟ್ಟಳು, ತಾನೂ ಉಣ್ಣಲಿಲ್ಲ. "ಗುಗ್ಗರಿ ಛಲೋ ಆಗ್ಯಾವು," ಅಂದ ಹುಚ್ಚೀರಪ್ಪ.

ಗುರುವಾರ ಬೆಳಗ್ಗೆ ಗುರುಸಿದ್ದವ್ವ ಒಲೆ ಹೊತ್ತಿಸಿ ಹಿಟ್ಟು ನಾದಿ ಕೂತಳು. ಹಿಂದಿನ ಗೋಡೆಯ ಹತ್ತಿರ ಯಾರೂ ಇರಲಿಲ್ಲ. ಒಂದು ರೊಟ್ಟಿ ಬೆಂದಿತು. ಅವಳು ಎದ್ದು ಹಿಂದಿನ ಕೋಣೆಗೆ ಹೋಗಿ, ಮೂರ್ತಿಯನ್ನು ತಾನೇ ಹೊತ್ತು ತಂದು ಅಡುಗೆಮನೆಯಲ್ಲಿಟ್ಟಳು. ಒಲೆಯ ಆಚೆ ಬದಿಗೆ ಮಣೆ ಹಾಕಿದಳು.

"ಶಿವಲೀಲಾ, ಬಾ ಇಲ್ಲಿ. ಹಿಂದಲ್ಲ, ಇಲ್ಲಿ ಮುಂದ ಕುಂಡ್ರು. ತೂತು ಬಿದ್ದಾವಲ್ಲ, ನೋಡಿ ಮುಚ್ಚು. ಮುಖದ ಕೆಲಸ ಉಳದೈತಿ ಅಂದಿದ್ದಿ, ಅದನೂ ನೋಡಿ ಮಾಡು."

ಶಿವಲೀಲಾ ಊದಿದ ಕಣ್ಣಿನಲ್ಲೇ ಬಂದಳು. ಮಣೆಯ ಮೇಲೆ ಕೂತಳು. ಹಸಿಮಣ್ಣು ತಗೊಂಡು ಕೊರಳಿನ ಮೊದಲ ತೂತಿಗೆ ತುಂಬಿದಳು. ಆಮೇಲೆ ತಲೆ ಎತ್ತಿ, ಮೂರ್ತಿಯನ್ನೂ ನೋಡಿ ಇವಳನ್ನೂ ನೋಡಿದಳು. ರೇಣುಕಾ ಬಂದು ನಡುವೆ ನಿಂತು ಹಿಟ್ಟಿನ ಉಳ್ಳಿ ಕಟ್ಟತೊಡಗಿದಳು.

"ಆ ಎಡಭುಜಾ ಒಂದೀಟ ಏರ್ಸಬೇಕಾಗಿತ್ತು," ಅಂದಳು ಗುರುಸಿದ್ದವ್ವ.

"ಇದ್ದಂಗ ಮಾಡಬೇಕಕ್ಕಾ."

ಗುರುಸಿದ್ದವ್ವ ಬೆನ್ನು ನೆಟ್ಟಗೆ ಮಾಡಿಕೊಂಡಳು. ಒಂದೆರಡು ರೊಟ್ಟಿ ಹಾಗೇ ಬಡಿದಳು. ಆಮೇಲೆ ಉರಿ ಕಡಿಮೆಯಾಯಿತು, ಕಟ್ಟಿಗೆ ಮುಂದೆ ಸರಿಸಬೇಕಾಯಿತು, ಬೆನ್ನು ತನ್ನ ದಾರಿ ಹಿಡಿಯಿತು. ಅವಳು ತವೆಯ ಮೇಲಿನ ರೊಟ್ಟಿಗೆ ನೀರು ಸವರುತ್ತ, ತಲೆ ಎತ್ತದೆ ಕೇಳಿದಳು:

"ಮುಂಡರಗಿಗೆ ಹ್ವಾದ ಮ್ಯಾಲ ಅಲ್ಲಿ ಯಾರ ಬೆನ್ನ ನೋಡ್ತಿ?"

ಶಿವಲೀಲಾಳ ಹೆಬ್ಬೆರಳು ಮಣ್ಣಿನ ಹುಬ್ಬಿನ ಮೇಲೆ ನಿಂತಿತು.

"ಅಲುಗಾಡಬ್ಯಾಡ್ರಿ ಅಕ್ಕಾ," ಅಂದಳು. "ಹಂಗ ಇರ್ರಿ."